ಉಕ್ಕಿನ ಫಲಕಕ್ಕೆ ಗುಂಡು ಬಡಿದಾಗ

ರೈಫಲ್ಲಿನಿಂದ ಹೊರಟ ಗುಂಡು ಗಡಸು ಉಕ್ಕಿನ ದಪ್ಪ ಫಲಕಕ್ಕೆ ನೇರವಾಗಿ ಬಡಿದರೆ, ಅದರ ಕಥೆ ಒಂದು ಸೆಕೆಂಡಿನ ಮೂವತ್ತು ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಲೆಕ್ಕ ಸರಳ. 7.62 ಮಿ.ಮೀ. ನೇಟೋ ಗುಂಡಿನ ಉದ್ದ ಸುಮಾರು 28 ಮಿ.ಮೀ., ತೂಕ ಸುಮಾರು 9.5 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 840 ಮೀಟರ್. ಮೂತಿ ಫಲಕಕ್ಕೆ ತಾಗಿದ ಗಳಿಗೆಯಿಂದ ಹಿಂಭಾಗವೂ ಬಂದು ತಾಗುವ ತನಕ ಎಷ್ಟು ಹೊತ್ತೋ ಅದೇ ಈ ಡಿಕ್ಕಿಯ ಅವಧಿ. ಇಷ್ಟು ಕಡಿಮೆ ಸಮಯದಲ್ಲಿ ಒಂದು ವಸ್ತು ಬಗ್ಗುತ್ತದೋ, ಹರಿಯುತ್ತದೋ, ಪುಡಿಯಾಗುತ್ತದೋ ಎಂಬುದನ್ನು ನಿರ್ಧರಿಸುವ ನಿಯಮಗಳು ನಿತ್ಯದ ಅನುಭವಕ್ಕೆ ಸಿಗುವಂಥವಲ್ಲ. ಅವನ್ನು ಹುಡುಕಿ ತೆಗೆಯಲು ಭೌತವಿಜ್ಞಾನಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಗುಂಡಿನ ಬಲ ಎಲ್ಲಿದೆ ಎಂಬ ಪ್ರಶ್ನೆಯಿಂದಲೇ ಗೊಂದಲ ಶುರುವಾಗುತ್ತದೆ. ಸಿನಿಮಾದಲ್ಲಿ ಗುಂಡೇಟು ತಿಂದವನು ಹಿಂದಕ್ಕೆ ಹಾರಿ ಬೀಳುತ್ತಾನೆ, ನಿಜದಲ್ಲಿ ಹಾಗಾಗುವುದಿಲ್ಲ. ಮೇಲೆ ಹೇಳಿದ ಗುಂಡಿನ ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಸುಮಾರು 8 ಮಾತ್ರಕಗಳಷ್ಟು. ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಸಂವೇಗ 6ಕ್ಕಿಂತ ತುಸು ಹೆಚ್ಚು. ಎರಡಕ್ಕೂ ಅಂಥ ಅಂತರವಿಲ್ಲ. ಎಂಬತ್ತು ಕಿಲೋ ತೂಗುವ ಮನುಷ್ಯನಲ್ಲೇ ಗುಂಡು ನಿಂತುಹೋದರೂ ಅದು ಅವನಿಗೆ ಕೊಡಬಲ್ಲ ವೇಗ ಸೆಕೆಂಡಿಗೆ 10 ಸೆಂ.ಮೀ. ಅಷ್ಟೆ. ಆದರೆ ಚಲನಶಕ್ತಿಯಲ್ಲಿ ವೇಗದ ವರ್ಗ ಲೆಕ್ಕಕ್ಕೆ ಬರುವುದರಿಂದ ಚಿತ್ರ ಪೂರಾ ಬದಲಾಗುತ್ತದೆ: ಚೆಂಡಿನದು ಸುಮಾರು 120 ಜೂಲ್, ಗುಂಡಿನದು 3,300 ಜೂಲ್‌ಗೂ ಮೇಲೆ. ಈ ಶಕ್ತಿಯೆಲ್ಲ ಕಿರುಬೆರಳಿಗಿಂತಲೂ ಸಣ್ಣ ಜಾಗದ ಮೇಲೆ ಬೀಳುತ್ತದೆ. ಗುಂಡು ಅಪಾಯಕಾರಿಯಾಗುವುದು ಶಕ್ತಿಯ ಮೊತ್ತದಿಂದಲ್ಲ. ಆ ಶಕ್ತಿ ಬೀಳುವ ಜಾಗ ಮತ್ತು ಕಾಲ ಎರಡೂ ಇಷ್ಟು ಕಿರಿದಾಗಿರುವುದರಿಂದ. ಗುಂಡನ್ನು ತಡೆಯುವ ವಿದ್ಯೆಯೆಲ್ಲ ಆ ಜಾಗವನ್ನು ಹಿಗ್ಗಿಸುವ, ಆ ಕಾಲವನ್ನು ಎಳೆಯುವ ವಿದ್ಯೆಯೇ.

ಗುಂಡಿನ ವೇಗವನ್ನು ನಂಬುವಂತೆ ಅಳೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಫಿರಂಗಿ ವಿದ್ಯೆಯ ಪುಸ್ತಕದಲ್ಲಿ ಒಂದು ಲೋಲಕದ ವಿವರಣೆ ಇದೆ. ಭಾರವಾದ ಮರದ ದಿಮ್ಮಿಯನ್ನು ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಒಳಗೆ ಸಿಕ್ಕಿಕೊಂಡ ದಿಮ್ಮಿ ಎಷ್ಟು ದೂರ ತೂಗಿತು ಎಂಬುದನ್ನು ಅದರ ಕೆಳಗೆ ಕಟ್ಟಿದ ಪಟ್ಟಿಯಿಂದ ಅಳೆಯುವುದು. ಸಂವೇಗ ಉಳಿಯುತ್ತದೆ ಎಂಬ ನಿಯಮವೊಂದನ್ನೇ ಹಿಡಿದು, ಮಸ್ಕೆಟ್ ಗುಂಡು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಹೋಗುತ್ತದೆಂದು ಅವನು ತೋರಿಸಿಕೊಟ್ಟ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1745ರಲ್ಲಿ ಆ ಪುಸ್ತಕವನ್ನು ತನ್ನ ವಿಸ್ತಾರವಾದ ಟಿಪ್ಪಣಿಗಳೊಂದಿಗೆ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ಗುಂಡು ಎಷ್ಟು ಆಳ ಹೋಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ನ್ಯೂಟನ್ನನ ಹೆಸರಿನಲ್ಲಿ ಬಳಕೆಯಲ್ಲಿರುವ ಒಂದು ಅಂದಾಜು ಹೀಗಿದೆ: ಗುಂಡು ತನ್ನ ದಾರಿಯಲ್ಲಿರುವ, ತನ್ನಷ್ಟೇ ದ್ರವ್ಯರಾಶಿಯ ವಸ್ತುವನ್ನು ತಳ್ಳಿ ಮುಗಿಸಿದಾಗ ಸಂವೇಗವೆಲ್ಲ ಖರ್ಚಾಗಿ ನಿಲ್ಲುತ್ತದೆ. ಹಾಗಾದರೆ ಆಳ ಎಂದರೆ ಗುಂಡಿನ ಉದ್ದವನ್ನು ಎರಡು ಸಾಂದ್ರತೆಗಳ ಅನುಪಾತದಿಂದ ಗುಣಿಸಿದಷ್ಟು. ಈ ಸೂತ್ರದಲ್ಲಿ ವೇಗಕ್ಕೆ ಜಾಗವೇ ಇಲ್ಲ! ಗುರಿಯ ಗಟ್ಟಿತನವನ್ನು ಕಡೆಗಣಿಸಬಹುದಾದಷ್ಟು ವೇಗವಿದ್ದು, ಗುಂಡು ತನ್ನ ಆಕಾರ ಕೆಡದೆ ಉಳಿದಾಗ ಮಾತ್ರ ಇದು ಅರ್ಥಪೂರ್ಣ. ರಾಬಿನ್ಸ್ ಮತ್ತು ಆಯ್ಲರ್ ಇದಕ್ಕೆ ತದ್ವಿರುದ್ಧ ತುದಿಯಲ್ಲಿ ನಿಂತಿದ್ದರು. ಗುರಿಯ ಪ್ರತಿರೋಧ ಸದಾ ಒಂದೇ ಸಮನಾಗಿರುತ್ತದೆ, ಹಾಗಾಗಿ ಆಳ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಅವರ ಮತ. ಫ್ರಾನ್ಸಿನ ಜಾನ್ ವಿಕ್ಟರ್ ಪಾನ್ಸೆಲೆ 19ನೇ ಶತಮಾನದ ಮೊದಲರ್ಧದಲ್ಲಿ ಎರಡನ್ನೂ ಕೂಡಿಸಿದ. ಪ್ರತಿರೋಧದ ಒಂದು ಪಾಲು ವಸ್ತುವಿನ ಗಟ್ಟಿತನದಿಂದ ಬರುತ್ತದೆ, ಅದಕ್ಕೂ ವೇಗಕ್ಕೂ ಸಂಬಂಧವಿಲ್ಲ. ಇನ್ನೊಂದು ಪಾಲು ವಸ್ತುವನ್ನು ಪಕ್ಕಕ್ಕೆ ತಳ್ಳುವುದರಿಂದ ಬರುತ್ತದೆ, ಅದು ವೇಗದ ವರ್ಗದೊಂದಿಗೆ ಏರುತ್ತದೆ. ಮಣ್ಣು, ಮರ, ಕಾಂಕ್ರೀಟುಗಳ ವಿಷಯದಲ್ಲಿ ಇಂದಿಗೂ ಲೆಕ್ಕದ ಮೊದಲ ಹೆಜ್ಜೆ ಪಾನ್ಸೆಲೆಯ ಸೂತ್ರವೇ.

ಆದರೆ ಇವರೆಲ್ಲ ಗುಂಡನ್ನು ಕೆಡದ ವಸ್ತುವೆಂದು ಎಣಿಸಿದ್ದರು. ಗಡಸು ಉಕ್ಕಿನ ಮುಂದೆ ಆ ಎಣಿಕೆ ನಿಲ್ಲುವುದಿಲ್ಲ. ಗುಂಡೂ ಒಂದು ವಸ್ತು, ಅದಕ್ಕೂ ಸೋಲಿದೆ ಎಂಬುದನ್ನು ಅಳೆದು ತೋರಿಸಿದ್ದು ಕೇಂಬ್ರಿಜ್‌ನ ಬರ್ಟ್ರಂ ಹಾಪ್ಕಿನ್ಸನ್ 1914ರಲ್ಲಿ ಪ್ರಕಟಿಸಿದ ಪ್ರಯೋಗ.

ಆ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದನೆಯ ಉಕ್ಕಿನ ಸರಳೊಂದನ್ನು ದಾರಗಳಿಂದ ಅಡ್ಡಲಾಗಿ ತೂಗುಹಾಕಲಾಗಿತ್ತು. ಅದರ ಒಂದು ತುದಿಗೆ ಸೀಸದ ಗುಂಡು ಬಂದು ಬಡಿಯಬೇಕು. ಇನ್ನೊಂದು ತುದಿಗೆ ಅದೇ ದಪ್ಪದ ಗಿಡ್ಡನೆಯ ತುಂಡೊಂದನ್ನು ಬರೀ ಕಾಂತದ ಸೆಳೆತದಿಂದ ಅಂಟಿಸಿತ್ತು. ಗುಂಡು ಬಡಿದಾಗ ಹುಟ್ಟಿದ ಒತ್ತಡದ ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು ಐದು ಕಿ.ಮೀ. ವೇಗದಲ್ಲಿ ಓಡಿ, ಕೂಡಿಕೆಯನ್ನು ದಾಟಿ, ತುಂಡಿನ ಹೊರತುದಿಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಗಾಳಿ. ಒತ್ತಡಕ್ಕೆ ಆನಿಕೆ ಇಲ್ಲ. ಹಾಗಾಗಿ ಅಲೆ ತಿರುಗಿ ಸೆಳೆತದ ಅಲೆಯಾಗಿ ವಾಪಸಾಗುತ್ತದೆ. ಕಾಂತದ ಕೂಡಿಕೆ ಒತ್ತಡವನ್ನು ದಾಟಿಸಬಲ್ಲದೇ ಹೊರತು ಸೆಳೆತವನ್ನು ತಡೆಯಲಾರದು. ತುಂಡು ಕಳಚಿ, ತನ್ನ ಉದ್ದಕ್ಕೆ ತಕ್ಕಷ್ಟು ಅಲೆಯ ಸಂವೇಗವನ್ನು ಹೊತ್ತುಕೊಂಡು ಹಾರಿಹೋಗುತ್ತದೆ. ಬೇರೆ ಬೇರೆ ಉದ್ದದ ತುಂಡುಗಳನ್ನು ಹಚ್ಚಿ, ಪ್ರತಿಯೊಂದೂ ಹೊತ್ತೊಯ್ದ ಸಂವೇಗವನ್ನು ಅಳೆಯುತ್ತ ಹೋದರೆ ಡಿಕ್ಕಿ ಎಷ್ಟು ಹೊತ್ತು ನಡೆಯಿತು, ಒತ್ತಡ ಎಷ್ಟಿತ್ತು ಎಂಬುದೆಲ್ಲ ಕೈಗೆ ಸಿಗುತ್ತದೆ. ವಿದ್ಯುನ್ಮಾನ ಉಪಕರಣಗಳ ನೆರಳೂ ಇಲ್ಲದ ಕಾಲದಲ್ಲಿ ಸೆಕೆಂಡಿನ ಲಕ್ಷದ ಭಾಗಗಳನ್ನು ಹೀಗೆ ಹಿಡಿದಿಟ್ಟದ್ದು ಪ್ರಯೋಗ ವಿಜ್ಞಾನದ ಅತ್ಯಂತ ಸುಂದರ ಸಾಧನೆಗಳಲ್ಲೊಂದು. ಇಂದು ವಸ್ತುವಿಜ್ಞಾನದ ಪ್ರಯೋಗಾಲಯಗಳಲ್ಲಿ ಇರುವ ಹಾಪ್ಕಿನ್ಸನ್ ಸರಳು ಇದೇ ಉಪಾಯದ ವಂಶಸ್ಥ.

ಸಿಕ್ಕಿದ ಉತ್ತರ ಅಚ್ಚರಿಯದಾಗಿತ್ತು. ಸೀಸದ ಗುಂಡು ಹುಟ್ಟಿಸಿದ ಒತ್ತಡ, ಅಷ್ಟೇ ವೇಗದ, ಅಷ್ಟೇ ಸಾಂದ್ರತೆಯ ದ್ರವದ ಧಾರೆಯೊಂದು ಬಡಿದರೆ ಹುಟ್ಟುವಷ್ಟೇ ಇತ್ತು. ಸೀಸ ಕರಗಿತ್ತೆಂದಲ್ಲ. 840 ಮೀಟರ್ ವೇಗದಲ್ಲಿ ಅದರ ಮೇಲೆ ಬೀಳುವ ಒತ್ತಡ ನಾಲ್ಕು ಗಿಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ನಲವತ್ತು ಸಾವಿರ ಪಟ್ಟು. ಸೀಸದ ಸ್ವಂತ ಗಟ್ಟಿತನ ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಇಂಥ ಒತ್ತಡದಲ್ಲಿ ಘನವಸ್ತು ಘನವಾಗಿ ವರ್ತಿಸುವುದನ್ನು ಬಿಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ವಿಮಾನದ ಭಾಗಗಳಿಗೆ ಪಕ್ಷಿ ಡಿಕ್ಕಿ ಹೊಡೆದರೆ ಏನಾಗುತ್ತದೆಂದು ವಾಯುಫಿರಂಗಿಯಿಂದ ಪರೀಕ್ಷಿಸುವ ವ್ಯವಸ್ಥೆ ಇದೆ; ವಿಮಾನದ ವೇಗದಲ್ಲಿ ಪಕ್ಷಿಯ ದೇಹವನ್ನೂ ಲೆಕ್ಕದಲ್ಲಿ ದ್ರವವೆಂದೇ ಹಿಡಿಯುತ್ತಾರೆ. ತತ್ವ ಒಂದೇ.

ಗಡಸು ಉಕ್ಕಿನ ಫಲಕಕ್ಕೆ ತಾಮ್ರದ ಹೊದಿಕೆಯ ಸಾಮಾನ್ಯ ಗುಂಡು ಬಡಿದ ಮೇಲೆ ಉಳಿಯುವ ಗುರುತು ಈ ಮಾತಿಗೆ ಸಾಕ್ಷಿ. ಅಲ್ಲಿ ತೂತಿರುವುದಿಲ್ಲ. ಬೂದು ಬಣ್ಣದ ಒಂದು ವೃತ್ತ, ಅದರ ಸುತ್ತ ನಾಲ್ಕೂ ದಿಕ್ಕಿಗೆ ಎರಚಿದ ಸೀಸದ ಗೆರೆಗಳು. ಗುಂಡು ಫಲಕದ ಮೇಲೆ ಪಕ್ಕಕ್ಕೆ ಹರಿದುಹೋಗಿರುತ್ತದೆ. ಹೊದಿಕೆಯ ಚೂರುಗಳು ಫಲಕಕ್ಕೆ ಸಮಾನಾಂತರವಾಗಿ ಸಿಡಿಯುತ್ತವೆ. ಕವಚದ ಪಕ್ಕದಲ್ಲಿದ್ದವನಿಗೂ, ಉಕ್ಕಿನ ಫಲಕ ತೊಟ್ಟವನ ಗದ್ದಕ್ಕೂ ಅವು ಅಪಾಯವೇ. ಅಲ್ಲಿ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಗುಂಡಿನ ಚಲನಶಕ್ತಿಯೆಲ್ಲ ಅದರಲ್ಲೇ ಉಳಿದರೆ, ಅಷ್ಟೇ ತೂಕದ ಸೀಸವನ್ನು ಐದು ಸಲ ಕರಗಿಸಲು ಸಾಕು.

ಗುಂಡಿಗೂ ಗುರಿಗೂ ನಡೆಯುವ ಈ ಮೇಲಾಟವನ್ನು ಸಮೀಕರಣಕ್ಕೆ ಇಳಿಸಿದವರು ಬ್ರಿಟನ್ನಿನ ಟೇಟ್ ಮತ್ತು ರಷ್ಯದ ಅಲೆಕ್ಸೀವ್ಸ್ಕಿ, 1960ರ ದಶಕದಲ್ಲಿ, ಒಬ್ಬರಿಗೊಬ್ಬರ ಸಂಪರ್ಕವಿಲ್ಲದೆ. ಗುಂಡೂ ಗುರಿಯೂ ತಾಗುವ ಬಿಂದುವಿನಲ್ಲಿ ಎರಡೂ ಕಡೆಯ ಒತ್ತಡ ಸಮನಾಗಿರಬೇಕು. ಒಂದು ಕಡೆ ಗುಂಡಿನ ಗಟ್ಟಿತನ ಮತ್ತು ಅದರ ಹರಿವಿನ ಒತ್ತಡ. ಇನ್ನೊಂದು ಕಡೆ ಗುರಿಯ ಪ್ರತಿರೋಧ ಮತ್ತು ಅದರ ಹರಿವಿನ ಒತ್ತಡ. ದಪ್ಪವಾದ ಕವಚದ ಉಕ್ಕಿನ ಒಳಭಾಗ ಸುತ್ತಲಿನ ಲೋಹದಿಂದ ಬಿಗಿಯಾಗಿ ಹಿಡಿದಿರುವುದರಿಂದ ಅದರ ಪ್ರತಿರೋಧ ಐದು ಗಿಗಾಪಾಸ್ಕಲ್ ಆಸುಪಾಸಿಗೆ ಬರುತ್ತದೆ. ಸೀಸದ ನಾಲ್ಕು ಇದರ ಮುಂದೆ ಸಾಲದು, ಗುಂಡು ಹರಿದು ಸೋಲುತ್ತದೆ. ವೇಗ ಏರಿದರೆ, ಅಥವಾ ಗುಂಡಿನೊಳಗೆ ಗಡಸು ಉಕ್ಕಿನ ಇಲ್ಲವೇ ಟಂಗ್‌ಸ್ಟನ್ ಕಾರ್ಬೈಡಿನ ತಿರುಳಿದ್ದರೆ ತಕ್ಕಡಿ ಗುಂಡಿನ ಕಡೆಗೆ ವಾಲುತ್ತದೆ. ಒಟ್ಟು ಶಕ್ತಿ ಕಡಿಮೆಯಿದ್ದರೂ ವೇಗ ಹೆಚ್ಚಿರುವ ಸಣ್ಣ ಗುಂಡು, ದೊಡ್ಡ ಗುಂಡು ತೂರಲಾಗದ ಫಲಕವನ್ನು ತೂರುವುದು ಇದೇ ಕಾರಣಕ್ಕೆ. ಜೂಲ್‌ಗಳನ್ನಷ್ಟೇ ಹೋಲಿಸಿ ಕವಚದ ಯೋಗ್ಯತೆ ಹೇಳುವವರ ಮಾತನ್ನು ನಂಬಬಾರದು.

ಲೋಹಗಳು ವೇಗವಾಗಿ ವಿರೂಪಗೊಂಡಾಗ ನಿಧಾನದ ಪರೀಕ್ಷೆಯಲ್ಲಿ ತೋರುವುದಕ್ಕಿಂತ ಗಟ್ಟಿಯಾಗಿರುತ್ತವೆ ಎಂಬುದನ್ನೂ ಗಮನಿಸಬೇಕು. ಜೆಫ್ರಿ ಇಂಗ್ರಾಂ ಟೇಲರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಕಟ್ಟಿ 1948ರಲ್ಲಿ ಪ್ರಕಟಿಸಿದ: ಚಪ್ಪಟೆ ಮುಖದ ಲೋಹದ ಉರುಳೆಯನ್ನು ಗಟ್ಟಿ ಗೋಡೆಗೆ ಹಾರಿಸಿ, ಅದು ಎಷ್ಟು ಗಿಡ್ಡವಾಯಿತೆಂದು ಅಳೆದರೆ ಆ ವೇಗದಲ್ಲಿನ ಗಟ್ಟಿತನ ತಿಳಿಯುತ್ತದೆ.

ಫಲಕ ಸೋಲುವ ಬಗೆ ಒಂದೇ ಅಲ್ಲ. ಮೆದು ಉಕ್ಕು, ಅಲ್ಯೂಮಿನಿಯಂನಂಥವು ಚೂಪು ಮೂತಿಯ ಗುಂಡಿಗೆ ಹಿಗ್ಗಿ ದಾರಿ ಬಿಡುತ್ತವೆ. ತೆಳು ತಗಡಾದರೆ ಹಿಂಬದಿಯಲ್ಲಿ ಹೂವಿನ ಎಸಳಿನಂತೆ ಬಿರಿಯುತ್ತದೆ. ಗಡಸು ಉಕ್ಕಿನಲ್ಲಿ ಇನ್ನೊಂದು ಕೇಡಿದೆ. ಗುಂಡಿನ ಅಂಚಿನ ಸುತ್ತ ಲೋಹ ಜಾರುವಾಗ ಹುಟ್ಟುವ ಶಾಖ ಹರಡಿಹೋಗಲು ಸಮಯವಿರುವುದಿಲ್ಲ. ಕಾದ ಪದರ ಮೆದುವಾಗುತ್ತದೆ, ಮೆದುವಾದ ಕಡೆಯೇ ಮತ್ತಷ್ಟು ಜಾರುತ್ತದೆ, ಜಾರಿದಷ್ಟೂ ಮತ್ತೆ ಕಾಯುತ್ತದೆ. ಕೂದಲೆಳೆಯಷ್ಟು ಸಣ್ಣ ಪಟ್ಟಿಯೊಂದರಲ್ಲಿ ಇದು ನಡೆದು, ಫಲಕದಿಂದ ಬಿಲ್ಲೆಯಂಥ ತುಂಡೊಂದು ಕತ್ತರಿಸಿ ಹಿಂದಕ್ಕೆ ಹಾರುತ್ತದೆ. ಹೀಗೆ ಶಾಖ ಗೆರೆಗಟ್ಟುವುದನ್ನು ಫ್ರಾನ್ಸಿನ ಆನ್ರಿ ಟ್ರೆಸ್ಕಾ 1878ರಲ್ಲಿ, ಬಡಿಯುತ್ತಿದ್ದ ಪ್ಲಾಟಿನಂ ಸರಳಿನ ಮೇಲೆ ಮೂಡಿದ ಹೊಳೆಯುವ ಗೆರೆಗಳಲ್ಲಿ ಕಂಡಿದ್ದ. ಉಕ್ಕಿನಲ್ಲಿ ಅದರ ಕಾರಣವನ್ನು ಜೀನರ್ ಮತ್ತು ಹಾಲೊಮನ್ 1944ರಲ್ಲಿ ಬಿಡಿಸಿ ಹೇಳಿದರು. ಫಲಕವನ್ನು ಮಿತಿಮೀರಿ ಗಡಸು ಮಾಡಿದರೆ ಲಾಭವಲ್ಲ, ನಷ್ಟ ಎಂಬ ಪಾಠ ಕವಚ ತಯಾರಕರಿಗೆ ಸಿಕ್ಕಿದ್ದು ಇಲ್ಲಿಂದಲೇ.

ಹಾಪ್ಕಿನ್ಸನ್ನನ ಸರಳಿನ ತುದಿಯ ತುಂಡು ಕಳಚಿದಂತೆಯೇ, ಗುಂಡು ತೂರದಿದ್ದರೂ ಫಲಕದ ಹಿಂಬದಿಯ ಪದರ ಕಿತ್ತು ಹಾರುವುದುಂಟು. ಎದುರಿನಿಂದ ಹೊಕ್ಕ ಒತ್ತಡದ ಅಲೆ ಹಿಂಬದಿಯಲ್ಲಿ ಸೆಳೆತವಾಗಿ ತಿರುಗುತ್ತದೆ. ಆ ಸೆಳೆತವನ್ನು ಲೋಹ ತಾಳದಿದ್ದರೆ ಒಳಗೇ ಸೀಳು ಬಿಡುತ್ತದೆ. ಯುದ್ಧ ಟ್ಯಾಂಕುಗಳ ಒಳಗೋಡೆಗೆ ನಾರಿನ ಹಾಸು ಹೊದಿಸುವುದು ಈ ಚೂರುಗಳನ್ನು ಹಿಡಿಯಲೆಂದೇ.

ಇಟ್ಟಿಗೆ, ಕಲ್ಲು, ಕಾಂಕ್ರೀಟುಗಳು ಅದುಮಿದರೆ ಗಟ್ಟಿ, ಎಳೆದರೆ ದುರ್ಬಲ. ಹಾಗಾಗಿ ಅವುಗಳಲ್ಲಿ ಎದುರಿಗೆ ಗುಂಡಿಗಿಂತ ಎಷ್ಟೋ ಅಗಲದ ಬಟ್ಟಲಿನಾಕಾರದ ಕುಳಿ ಬೀಳುತ್ತದೆ, ಅದರ ನಡುವೆ ಮಾತ್ರ ಕಿರಿದಾದ ಸುರಂಗ. ಅಮೃತಸರದ ಜಲಿಯನ್‌ವಾಲಾ ಬಾಗ್‌ನ ಇಟ್ಟಿಗೆ ಗೋಡೆಗಳಲ್ಲಿ 1919ರ ಏಪ್ರಿಲ್ 13ರಂದು ಬಿದ್ದ .303 ಗುಂಡುಗಳ ಗುರುತುಗಳನ್ನು ಹಾಗೇ ಕಾಪಾಡಿಡಲಾಗಿದೆ. ಗುಂಡಿನ ಅಡ್ಡಳತೆ 8 ಮಿ.ಮೀ.ಗೂ ಕಡಿಮೆ, ಇಟ್ಟಿಗೆಯಲ್ಲಿ ಎದ್ದುಹೋದ ಕುಳಿಗಳು ಅದಕ್ಕಿಂತ ಬಹಳ ದೊಡ್ಡವು. ಕಾಂಕ್ರೀಟಿನ ಲೆಕ್ಕಕ್ಕೆ ಅಮೆರಿಕದ ರಾಷ್ಟ್ರೀಯ ರಕ್ಷಣಾ ಸಂಶೋಧನಾ ಸಮಿತಿ ಎರಡನೇ ಮಹಾಯುದ್ಧದಲ್ಲಿ ರೂಪಿಸಿದ ಸೂತ್ರವನ್ನು ಅಣು ವಿದ್ಯುತ್ ಸ್ಥಾವರಗಳ ಗೋಡೆ ಕಟ್ಟುವವರು ಆಮೇಲೆ ತಮ್ಮದಾಗಿಸಿಕೊಂಡರು. ಮರಳಿನ ಮೂಟೆಯ ವಿಷಯ ಇನ್ನೂ ವಿಚಿತ್ರ. ತೀರ ಹತ್ತಿರದಿಂದ ಹೊಡೆದ ರೈಫಲ್ ಗುಂಡು ಮರಳಿನಲ್ಲಿ, ದೂರದಿಂದ ಬಂದು ವೇಗ ಕಳೆದುಕೊಂಡ ಗುಂಡಿಗಿಂತ ಕಡಿಮೆ ಆಳ ಹೋಗುವುದುಂಟು. ವೇಗ ಹೆಚ್ಚಾದಾಗ ಗುಂಡು ಮರಳಿಗೆ ತಾಗಿದ ಕೂಡಲೇ ಅಡ್ಡ ತಿರುಗಿ, ಚಪ್ಪಟೆಯಾಗಿ, ಒಡೆದುಹೋಗುತ್ತದೆ.

ಓರೆಯಾಗಿ ಬಿದ್ದ ಗುಂಡಿಗೆ ದಾರಿ ಉದ್ದವಾಗುತ್ತದೆ. ಫಲಕಕ್ಕೆ ಲಂಬವಾದ ಗೆರೆಯಿಂದ 60 ಡಿಗ್ರಿ ಓರೆಯಾದರೆ ಅದೇ ಫಲಕ ಎರಡರಷ್ಟು ದಪ್ಪವೆನಿಸುತ್ತದೆ. ಸೋವಿಯತ್ ಟಿ-34 ಟ್ಯಾಂಕಿನ ಓರೆ ಗೋಡೆಗಳು ಇದಕ್ಕೆ ಹೆಸರಾದವು. ಇನ್ನೂ ಓರೆಯಾದರೆ ಗುಂಡು ನುಗ್ಗದೆ ಸಿಡಿದುಹೋಗುತ್ತದೆ. ಕನ್ನಡಿಗೆ ಬಿದ್ದ ಬೆಳಕಿನಂತೆ ಅದು ಬಂದ ಕೋನದಲ್ಲೇ ಹೊರಡುವುದಿಲ್ಲ; ಗಟ್ಟಿ ಗೋಡೆಗೆ ಬಡಿದದ್ದು ಸಾಮಾನ್ಯವಾಗಿ ಗೋಡೆಗೆ ಹತ್ತಿಕೊಂಡೇ ಸಾಗುತ್ತದೆ. ಗುಂಡಿನ ಚಕಮಕಿಯಲ್ಲಿ ಗೋಡೆಗೆ ಬೆನ್ನು ಒರಗಿಸಿ ನಿಲ್ಲಬಾರದೆಂದು ತರಬೇತಿಯಲ್ಲಿ ಹೇಳಿಕೊಡುವುದು ಇದಕ್ಕೇ.

ಉಕ್ಕಿನ ಕಷ್ಟ ಅದರ ತೂಕ. ಮನುಷ್ಯ ಹೊತ್ತು ಓಡಬೇಕಾದ ಕವಚಕ್ಕೆ ಬೇರೆ ದಾರಿ ಬೇಕಿತ್ತು. ಆ ದಾರಿ ಸೆರಾಮಿಕ್. ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್ ಇವೆಲ್ಲ ಉಕ್ಕಿಗಿಂತ ಎಷ್ಟೋ ಗಡಸು. ಬೋರಾನ್ ಕಾರ್ಬೈಡಿನ ಸಾಂದ್ರತೆಯಂತೂ ಉಕ್ಕಿನ ಮೂರನೇ ಒಂದು ಪಾಲಿಗೂ ಸ್ವಲ್ಪ ಕಡೆಯೇ ಆಗುವುದರಿಂದ ತೂಕವೂ ಇಳಿಯುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರ್ ಸಿಬ್ಬಂದಿಗೆ ಇಂಥ ಕವಚ ಬಂತು. ಅದೇ 1960ರ ದಶಕದಲ್ಲಿ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ಮಾರ್ಕ್ ವಿಲ್ಕಿನ್ಸ್ ಮತ್ತು ಸಂಗಡಿಗರು ಸೆರಾಮಿಕ್ಕಿನೊಳಗೆ ಏನು ನಡೆಯುತ್ತದೆಂದು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಬಿಡಿಸಿಟ್ಟರು.

ಗಡಸು ತಿರುಳಿನ ಗುಂಡು ತಾಗಿದ ಕೂಡಲೇ ಅದರ ಮೊನೆ ಪುಡಿಯಾಗುತ್ತದೆ. ಕೆಲವು ಮೈಕ್ರೊಸೆಕೆಂಡು ಗುಂಡು ಸೆರಾಮಿಕ್ಕಿನ ಮೇಲ್ಮೈಯಲ್ಲೇ ನಿಂತು, ಒಳಗೆ ಹೋಗಲಾರದೆ, ಮುಂಭಾಗದಿಂದ ಸವೆಯುತ್ತ ಹೋಗುತ್ತದೆ. ಈ ನಿಲುಗಡೆಯನ್ನು ಎಷ್ಟು ಹೆಚ್ಚಿಸಿದರೆ ಅಷ್ಟು ಲಾಭ. ಅಷ್ಟರಲ್ಲಿ ಸೆರಾಮಿಕ್ಕಿನಲ್ಲೂ ಬಿರುಕುಗಳು ಹೊರಟಿರುತ್ತವೆ. ಅವು ತಾಗಿದ ಜಾಗದಿಂದ ಹಿಂಬದಿಗೆ ಅಗಲವಾಗುತ್ತ ಶಂಕುವಿನ ಆಕಾರದಲ್ಲಿ ಹರಡುತ್ತವೆ. ಈ ಶಂಕುವಿನಿಂದಲೇ ಉಪಕಾರ: ಎದುರಿಗೆ ಕೆಲವೇ ಮಿಲಿಮೀಟರ್ ಜಾಗಕ್ಕೆ ಬಿದ್ದ ಹೊಡೆತ ಹಿಂದಿನ ಪದರಕ್ಕೆ ತಲುಪುವಾಗ ಎಷ್ಟೋ ಪಟ್ಟು ಅಗಲದ ಜಾಗಕ್ಕೆ ಹಂಚಿಹೋಗಿರುತ್ತದೆ. ಆಮೇಲೆ ಗುಂಡಿನ ಉಳಿದ ಭಾಗ ಪುಡಿಯಾದ ಸೆರಾಮಿಕ್ಕಿನ ಮೂಲಕ ಹೋಗಬೇಕು. ಆ ಪುಡಿಯೂ ಗಡಸೇ. ಬಿಗಿಯಾಗಿ ಹಿಡಿದಿಟ್ಟಿದ್ದರೆ ಅದು ಗುಂಡನ್ನು ಉಜ್ಜಿ ತೇಯುತ್ತದೆ. ಕೊನೆಗೆ ಮಿಕ್ಕ ಚೂರುಗಳನ್ನು ಹಿಂದಿನ ನಾರಿನ ಪದರ ಹಿಗ್ಗಿ ಹಿಡಿಯುತ್ತದೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಡ್ಯೂಪಾಂಟ್ ಕಂಪನಿಯಲ್ಲಿ ಮಾಡಿದ ಶೋಧದಿಂದ ಬಂದ ಕೆವ್ಲಾರ್ ಆಗಲಿ, ಅತಿ ಉದ್ದ ಸರಪಳಿಯ ಪಾಲಿಎಥಿಲೀನ್ ಆಗಲಿ, ಇವುಗಳಲ್ಲಿ ಅಲೆ ಉಕ್ಕಿಗಿಂತಲೂ ವೇಗವಾಗಿ ಓಡುತ್ತದೆ. ಹೊಡೆತ ಬಿದ್ದ ಸುದ್ದಿ ದೂರದ ಎಳೆಗೂ ಬೇಗ ಮುಟ್ಟುವುದರಿಂದ ಹೆಚ್ಚು ಉದ್ದದ ನಾರು ಕೆಲಸಕ್ಕೆ ಬರುತ್ತದೆ. ಗಡಸು ಪದರ ಗುಂಡನ್ನು ಕೆಡಿಸಬೇಕು, ನಾರಿನ ಪದರ ಶಕ್ತಿಯನ್ನು ನುಂಗಬೇಕು. ಒಂದರ ಕೆಲಸ ಇನ್ನೊಂದಕ್ಕಾಗದು.

ಅತಿ ಗಡಸಾದ ಬೋರಾನ್ ಕಾರ್ಬೈಡಿಗೂ ಮಿತಿಯಿದೆ. 20 ಗಿಗಾಪಾಸ್ಕಲ್ ಮೀರಿದ ಹೊಡೆತಕ್ಕೆ ಅದು ನಿರೀಕ್ಷೆಗಿಂತ ಬೇಗ ಕುಸಿಯುತ್ತಿತ್ತು. ಒಡೆದ ಚೂರುಗಳಲ್ಲಿ ಕೆಲವೇ ನ್ಯಾನೊಮೀಟರ್ ಅಗಲದ ಪಟ್ಟಿಗಳಲ್ಲಿ ಹರಳಿನ ಜೋಡಣೆಯೇ ಕೆಟ್ಟಿರುವುದನ್ನು 2003ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಭಾರತದಲ್ಲಿ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಹಗುರ ಜಾಕೆಟ್ಟಿನ ಎದುರು ಫಲಕವೂ ಸೆರಾಮಿಕ್ ಮುಖ, ಪಾಲಿಮರ್ ಬೆನ್ನಿನ ಜೋಡಣೆಯೇ.

ಕವಚವನ್ನು ಅಳೆಯುವ ಪರೀಕ್ಷೆಯಲ್ಲಿ ಹೌದು-ಇಲ್ಲ ಎಂಬ ಒಂದೇ ಉತ್ತರವಿಲ್ಲ. ಒಂದೇ ಬಗೆಯ ಫಲಕ, ಒಂದೇ ಬಗೆಯ ಗುಂಡು, ಒಂದೇ ವೇಗ ಇದ್ದರೂ ಒಮ್ಮೆ ತೂರಬಹುದು, ಇನ್ನೊಮ್ಮೆ ನಿಲ್ಲಬಹುದು. ಅದಕ್ಕೇ ಅರ್ಧದಷ್ಟು ಗುಂಡುಗಳು ತೂರುವ ವೇಗವೆಷ್ಟು ಎಂಬುದನ್ನು ಹಲವು ಸಲ ಹೊಡೆದು ಕಂಡುಹಿಡಿಯುತ್ತಾರೆ. ನಂಬಿ ತೊಡುವ ಮಿತಿ ಅದಕ್ಕಿಂತ ಬಹಳ ಕೆಳಗಿರಬೇಕು. ಗುಂಡು ನಿಂತರೂ ಕವಚ ಒಳಕ್ಕೆ ಉಬ್ಬಿ ಎದೆಗೂಡಿಗೆ ಗುದ್ದುತ್ತದೆ. ಅಮೆರಿಕದ ಮಾನದಂಡದಲ್ಲಿ ಹಿಂದಿಟ್ಟ ಜೇಡಿಮಣ್ಣಿನಲ್ಲಿ ಮೂಡುವ ತಗ್ಗು 44 ಮಿ.ಮೀ. ದಾಟಬಾರದು. ಭಾರತೀಯ ಮಾನಕ ಸಂಸ್ಥೆಯೂ ಗುಂಡು ನಿರೋಧಕ ಜಾಕೆಟ್ಟುಗಳಿಗೆ 2018ರಲ್ಲಿ ತನ್ನದೇ ಮಾನದಂಡವನ್ನು ತಂದಿತು.

ಸೆರಾಮಿಕ್ ಫಲಕ ಕೈಜಾರಿ ನೆಲಕ್ಕೆ ಬಿದ್ದರೂ ಸಾಕು, ಬಟ್ಟೆಯ ಹೊದಿಕೆಯ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಬಿರುಕಿರುವ ಜಾಗಕ್ಕೇ ಗುಂಡು ಬಿದ್ದರೆ ಮೇಲೆ ಹೇಳಿದ ನಿಲುಗಡೆ ನಡೆಯುವುದಿಲ್ಲ. ಎಕ್ಸ್‌ರೇಯಂಥ ಪರೀಕ್ಷೆಯಿಂದ ಅದು ಪತ್ತೆಯಾಗುತ್ತದೆ. ಒಮ್ಮೆ ಗುಂಡು ತಿಂದ ಫಲಕವನ್ನಾಗಲಿ, ಬಿದ್ದ ಮೇಲೆ ಪರೀಕ್ಷೆಯಾಗದ ಫಲಕವನ್ನಾಗಲಿ ಯಾವ ಯೋಧನಿಗೂ, ಯಾವ ಪೊಲೀಸನಿಗೂ ತೊಡಿಸಕೂಡದು.